ರೇಡಿಯೋ ಒಳಗಿನ ಟ್ರಾನ್ಸ್‌ಫಾರ್ಮರ್

ಊರ ಹೊರಗೆ ಕಂಬದ ಮೇಲೆ ಟಿ.ಸಿ. ಇದೆ. ನೀವು ದಿನಾ ನೋಡುತ್ತೀರಿ. ಟಿ.ಸಿ. ಸುಟ್ಟರೆ ಊರೆಲ್ಲ ಕತ್ತಲು. ಪಂಪ್‌ಸೆಟ್ ಓಡುವುದಿಲ್ಲ. ಹಿಟ್ಟಿನ ಗಿರಣಿ ನಿಲ್ಲುತ್ತದೆ. ಈ ಟಿ.ಸಿ. ಅಂದರೆ ಟ್ರಾನ್ಸ್‌ಫಾರ್ಮರ್. ದೊಡ್ಡ ಲೈನಿನಲ್ಲಿ 11,000 ವೋಲ್ಟ್ ಬರುತ್ತದೆ. ಟಿ.ಸಿ. ಅದನ್ನು ಇಳಿಸುತ್ತದೆ. ನಮ್ಮ ಮನೆಯ ದೀಪಕ್ಕೆ 230 ವೋಲ್ಟ್ ಬರುತ್ತದೆ.

ಹಳೆಯ ರೇಡಿಯೋ ಒಳಗೂ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಟಿ.ಸಿ. ಕೊಪ್ಪರಿಗೆಯಷ್ಟು ದೊಡ್ಡದು. ಇದು ಬೆಂಕಿಪೊಟ್ಟಣದಷ್ಟು ಚಿಕ್ಕದು. ಕೆಲವು ಅಡಿಕೆಯಷ್ಟೇ ಇರುತ್ತವೆ. ಒಂದು ರೇಡಿಯೋದಲ್ಲಿ ಎರಡು ಮೂರು ಇರಬಹುದು. ಮೇಲಿಂದ ನೋಡಿದರೆ ಎಲ್ಲ ಒಂದೇ ಥರ. ಕಬ್ಬಿಣದ ತಗಡು, ತಾಮ್ರದ ತಂತಿ, ಅಷ್ಟೆ. ಆದರೆ ಒಂದರ ಕೆಲಸ ಇನ್ನೊಂದಕ್ಕೆ ಬರುವುದಿಲ್ಲ. ಇದು ನಮಗೆ ತಿಳಿದದ್ದು ಒಬ್ಬ ಅಜ್ಜಿಯಿಂದ.

ಅಜ್ಜಿ ತಂದ ರೇಡಿಯೋ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ರಾತ್ರಿ ತರಗತಿಗೆ ಒಬ್ಬ ಅಜ್ಜಿ ಬರುತ್ತಿದ್ದರು. ಅರವತ್ತು ದಾಟಿದವರು. ಅಕ್ಷರ ನಿಧಾನ ಬಂತು. ಅಂಕಿ ಬೇಗ ಬಂತು. ಒಂದು ದಿನ ಸೊಸೆಯ ಕೈಲಿ ರೇಡಿಯೋ ಹೊರಿಸಿಕೊಂಡು ಬಂದರು. ಮರದ ಪೆಟ್ಟಿಗೆಯ ದೊಡ್ಡ ರೇಡಿಯೋ. ಒಳಗೆ ಗಾಜಿನ ವಾಲ್ವ್‌ಗಳು. ಹಚ್ಚಿದರೆ ಬಿಸಿಯಾಗಿ ಮಿಣಮಿಣ ಉರಿಯುವಂಥವು. ಅಜ್ಜಿಯ ಯಜಮಾನರು ಕೊಂಡಿದ್ದ ರೇಡಿಯೋ ಅದು.

"ಮೇಷ್ಟ್ರೇ, ಇದು ಕೆಟ್ಟಿತ್ತು. ಪ್ಯಾಟೇಲಿ ರಿಪೇರಿ ಮಾಡಿಸಿದ್ವಿ. ಈಗ ಮಾತಾಡ್ತದೆ. ಆದ್ರೆ ನಮ್ಮನೆ ರೇಡಿಯೋ ಥರ ಮಾತಾಡಲ್ಲ" ಅಂದರು ಅಜ್ಜಿ.

ನಾವು ಹಚ್ಚಿ ಕೇಳಿದೆವು. ನಿಜ. ವಾರ್ತೆ ಓದುವವರು ಮೂಗು ಹಿಡಿದುಕೊಂಡು ಓದಿದ ಹಾಗಿತ್ತು. ತಬಲಾದ ಗುಂ ಎನ್ನುವ ಸದ್ದೇ ಇಲ್ಲ. 'ಸ', 'ಶ' ಅಕ್ಷರ ಮಂಕು. ಸದ್ದು ಜೋರು ಮಾಡಿದರೆ ಹರಿದ ಬಟ್ಟೆಯಂತೆ ಕೇಳುತ್ತಿತ್ತು.

ಅಜ್ಜಿ ಸೆರಗಿನ ಗಂಟಿನಿಂದ ಒಂದು ಚೀಟಿ ತೆಗೆದರು. ಅಂಗಡಿಯವರು ಕೊಟ್ಟ ಚೀಟಿ. ಅಜ್ಜಿಯೇ ಅಕ್ಷರ ಕೂಡಿಸಿ ಓದಿದರು. "ಟ್ರಾನ್ಸ್‌ಫಾರ್ಮರ್ 1." ಒತ್ತಕ್ಷರ ಇರುವ ಪದ. ಎರಡು ಸಲ ತಡವರಿಸಿದರು. ಆದರೆ ಓದಿದರು.

ನಾವು ಪ್ಲಗ್ ಕಿತ್ತೆವು. ಸ್ವಲ್ಪ ಹೊತ್ತು ಬಿಟ್ಟು ಹಿಂದಿನ ಹಲಗೆ ಬಿಚ್ಚಿದೆವು. (ನೀವು ಹಾಗೆ ಬಿಚ್ಚಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇವೆ. ನಾವು ಟಿ.ಸಿ.ಎಚ್. ಓದುವಾಗ ಬಿಡುವಿನಲ್ಲಿ ರೇಡಿಯೋ ಕೆಲಸ ಕಲಿತಿದ್ದೆವು.) ಸ್ಪೀಕರ್ ಪಕ್ಕದಲ್ಲಿ ಹೊಸ ಟ್ರಾನ್ಸ್‌ಫಾರ್ಮರ್ ಕೂತಿತ್ತು. ಅದರ ಮೇಲೆ ಒಂದು ಚೀಟಿ. ಚೀಟಿಯ ಒಂದು ಕಡೆ 0 – 230. ಇನ್ನೊಂದು ಕಡೆ 0 – 6. ಟಾರ್ಚ್ ಬಿಟ್ಟು ಅಜ್ಜಿಗೆ ಓದಲು ಹೇಳಿದೆವು.

"ಇನ್ನೂರ ಮೂವತ್ತು. ಆರು" ಅಂದರು. ಆಮೇಲೆ ತಲೆ ಎತ್ತಿದರು. "ಇನ್ನೂರ ಮೂವತ್ತು ಅಂದ್ರೆ ಗ್ವಾಡೆ ಕರೆಂಟು ಅಲ್ವಾ ಮೇಷ್ಟ್ರೇ? ಅದನ್ನ ರೇಡಿಯೋ ಕೊರಳಿಗೆ ಯಾಕೆ ಕಟ್ಟಿದ್ರು?"

ಅಜ್ಜಿ ಕೇಳಿದ ಪ್ರಶ್ನೆಗೆ ಉತ್ತರವೇ ಈ ಪಾಠ.

ಎರಡು ಸುರುಳಿ, ಒಂದು ಕಬ್ಬಿಣ

ಟ್ರಾನ್ಸ್‌ಫಾರ್ಮರ್ ಒಳಗೆ ತಂತಿಯ ಎರಡು ಸುರುಳಿ ಇರುತ್ತವೆ. ಎರಡೂ ಒಂದೇ ಕಬ್ಬಿಣದ ಸುತ್ತ ಇರುತ್ತವೆ. ಮೊದಲ ಸುರುಳಿಗೆ ಪ್ರೈಮರಿ ಅಂತಾರೆ. ಎರಡನೆಯದಕ್ಕೆ ಸೆಕೆಂಡರಿ ಅಂತಾರೆ. ಎರಡು ತಂತಿಗಳು ಒಂದನ್ನೊಂದು ತಾಗುವುದಿಲ್ಲ. ಮೊದಲ ಸುರುಳಿಯಲ್ಲಿ ಕರೆಂಟ್ ಹಿಂದೆ ಮುಂದೆ ಹರಿದಾಗ ಕಬ್ಬಿಣ ಕಾಂತವಾಗುತ್ತದೆ. ಕಾಂತದ ಬಲ ಏರುತ್ತದೆ, ಇಳಿಯುತ್ತದೆ. ಆ ಏರಿಳಿತದಿಂದ ಎರಡನೆಯ ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತದೆ. 1831ರಲ್ಲಿ ಇಂಗ್ಲೆಂಡಿನಲ್ಲಿ ಮೈಕೆಲ್ ಫ್ಯಾರಡೆ ಎಂಬ ವಿಜ್ಞಾನಿ ಇದನ್ನು ಕಂಡುಹಿಡಿದ. ಫ್ಯಾರಡೆ ಕಮ್ಮಾರನ ಮಗ. ಹುಡುಗನಾಗಿದ್ದಾಗ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಲ್ಲಿಗೆ ಬಂದ ಪುಸ್ತಕಗಳನ್ನು ಓದಿಯೇ ವಿಜ್ಞಾನ ಕಲಿತ.

ಒಂದು ಮಾತು ನೆನಪಿರಲಿ. ಏರಿಳಿತ ಇದ್ದರೆ ಮಾತ್ರ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡುತ್ತದೆ. ಬ್ಯಾಟರಿಯಿಂದ ಬರುವ ಹಾಗೆ ಒಂದೇ ಸಮ ಹರಿಯುವ ಕರೆಂಟ್ ಅದನ್ನು ದಾಟುವುದಿಲ್ಲ.

ರೇಡಿಯೋದಲ್ಲಿ ಇದು ಯಾಕೆ ಬೇಕು? ಹಾರೆಯಿಂದ ಕಲ್ಲು ಎಬ್ಬಿಸುವುದನ್ನು ನೆನೆಯಿರಿ. ಹಾರೆಯ ಉದ್ದ ತುದಿಯನ್ನು ನಾವು ಹಿಡಿಯುತ್ತೇವೆ. ಅದು ತುಂಬಾ ದೂರ ಆಡುತ್ತದೆ. ಬಲ ಸಾಕಾಗುವುದು ಸ್ವಲ್ಪ. ಗಿಡ್ಡ ತುದಿ ಕಲ್ಲಿನ ಕೆಳಗೆ ಇರುತ್ತದೆ. ಅದು ಸ್ವಲ್ಪವೇ ಆಡುತ್ತದೆ. ಆದರೆ ಬಲ ಬಹಳ. ವಾಲ್ವ್ ಅಂದರೆ ಉದ್ದ ತುದಿ ಇದ್ದ ಹಾಗೆ. ಅದಕ್ಕೆ ವೋಲ್ಟ್ ಹೆಚ್ಚು, ಕರೆಂಟ್ ಕಡಿಮೆ. ಸ್ಪೀಕರ್ ಗಿಡ್ಡ ತುದಿ. ಅದಕ್ಕೆ ವೋಲ್ಟ್ ಕಡಿಮೆ ಸಾಕು, ಕರೆಂಟ್ ಹೆಚ್ಚು ಬೇಕು. ಇವೆರಡರ ನಡುವಿನ ಹಾರೆಯೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್.

ಲೆಕ್ಕ ಮಾಡೋಣ

ಅಜ್ಜಿಯ ರೇಡಿಯೋದಲ್ಲಿ ಇದ್ದದ್ದು ಇಎಲ್ 84 ಎಂಬ ವಾಲ್ವ್. ಅದಕ್ಕೆ ಎದುರಿಗೆ ಸುಮಾರು 5,200 ಓಮ್ ತಡೆ ಬೇಕು. ಆದರೆ ಸ್ಪೀಕರ್ 4 ಓಮ್. ಎಲ್ಲಿಯ 5,200, ಎಲ್ಲಿಯ 4! ಇವನ್ನು ಸುತ್ತುಗಳ ಲೆಕ್ಕದಿಂದ ಹೊಂದಿಸುತ್ತಾರೆ.

ಸೆಕೆಂಡರಿಗೆ 1 ಸುತ್ತು ಇದ್ದರೆ ಪ್ರೈಮರಿಗೆ 36 ಸುತ್ತು ಅಂತ ಇಟ್ಟುಕೊಳ್ಳಿ. 36ನ್ನು 36ರಿಂದಲೇ ಗುಣಿಸಿ. 1,296 ಬಂತು. ಅದನ್ನು ಸ್ಪೀಕರಿನ 4ರಿಂದ ಗುಣಿಸಿ. 5,184 ಬಂತು. 5,200ಕ್ಕೆ ಹತ್ತಿರ. ಸರಿಹೋಯಿತು.

ಈಗ ಅಂಗಡಿಯವರು ಹಾಕಿದ ಟ್ರಾನ್ಸ್‌ಫಾರ್ಮರ್ ನೋಡೋಣ. 230ನ್ನು 6ರಿಂದ ಭಾಗಿಸಿ. ಸುಮಾರು 38. 38ನ್ನು 38ರಿಂದ ಗುಣಿಸಿದರೆ 1,444. ಅದನ್ನು 4ರಿಂದ ಗುಣಿಸಿದರೆ 5,776. ಇದೂ ಹತ್ತಿರವೇ!

ಆ ಅಂಗಡಿಯವರು ಮೋಸಗಾರರಲ್ಲ. ಹಳೆಯ ಸಾಮಾನು ಸಿಕ್ಕಿಲ್ಲ. ಲೆಕ್ಕಕ್ಕೆ ಹೊಂದುವುದನ್ನು ಹಾಕಿದ್ದಾರೆ. ಲೆಕ್ಕ ಸರಿಯಾಗಿಯೇ ಇತ್ತು. ಕಟ್ಟಿದ ರೀತಿ ಬೇರೆಯಾಗಿತ್ತು. ಗೋಡೆಯ ಕರೆಂಟಿನ ಟ್ರಾನ್ಸ್‌ಫಾರ್ಮರ್ ಮತ್ತು ದನಿಯ ಟ್ರಾನ್ಸ್‌ಫಾರ್ಮರ್ ಕಟ್ಟುವುದರಲ್ಲಿ ಎರಡು ಮುಖ್ಯ ವ್ಯತ್ಯಾಸ ಇವೆ.

ತಗಡು ಜೋಡಿಸುವ ರೀತಿ

ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಒಂದೇ ಗಟ್ಟಿ ಅಲ್ಲ. ತೆಳ್ಳಗಿನ ತಗಡುಗಳನ್ನು ಒತ್ತಾಗಿ ಜೋಡಿಸಿರುತ್ತಾರೆ. ಒಂದೊಂದು ತಗಡು ಅರ್ಧ ಮಿಲಿಮೀಟರ್, ಇಲ್ಲವೇ ಇನ್ನೂ ತೆಳು. ಗಟ್ಟಿ ಕಬ್ಬಿಣ ಇಟ್ಟರೆ ಕಬ್ಬಿಣದೊಳಗೇ ಕರೆಂಟ್ ಸುತ್ತಿ ಬಿಸಿಯಾಗುತ್ತದೆ. ತಗಡು ಎರಡು ಥರ. ಒಂದು, ಮೂರು ಹಲ್ಲಿನ ಬಾಚಣಿಗೆಯ ಹಾಗೆ. ಇನ್ನೊಂದು, ಬರೀ ಪಟ್ಟಿ. ಇಂಗ್ಲಿಷ್ ಅಕ್ಷರದ ಆಕಾರ ನೋಡಿ ಅಂಗಡಿಯವರು 'ಇ' ತಗಡು, 'ಐ' ತಗಡು ಅಂತಾರೆ.

ಗೋಡೆಯ ಕರೆಂಟಿನ ಟ್ರಾನ್ಸ್‌ಫಾರ್ಮರಿಗೆ ಒಂದು ಇ ತಗಡನ್ನು ಬಲದಿಂದ ತೂರಿಸುತ್ತಾರೆ. ಮುಂದಿನದನ್ನು ಎಡದಿಂದ. ಮತ್ತೆ ಬಲ, ಮತ್ತೆ ಎಡ. ಚಾಪೆ ಹೆಣೆದ ಹಾಗೆ. ಎಲ್ಲೂ ಸಂದು ಇರುವುದಿಲ್ಲ.

ಅಜ್ಜಿಯ ರೇಡಿಯೋದಲ್ಲಿ ದನಿಗೆ ಇರುವುದು ಒಂದೇ ವಾಲ್ವ್. ಅದಕ್ಕೆ ಬೇಕಾದ ಕರೆಂಟ್ ಪ್ರೈಮರಿ ಸುರುಳಿಯ ಮೂಲಕವೇ ಹೋಗಬೇಕು. ಆ ಕರೆಂಟ್ ಒಂದೇ ದಿಕ್ಕಿಗೆ ಒಂದೇ ಸಮ ಹರಿಯುತ್ತಿರುತ್ತದೆ. ಅದರ ಮೇಲೆ ದನಿಯ ಏರಿಳಿತ ಕೂತಿರುತ್ತದೆ. ಸಮನಾಗಿ ಹರಿಯುವ ಕರೆಂಟ್ ಕಬ್ಬಿಣಕ್ಕೆ ಮೊದಲೇ ಕಾಂತ ತುಂಬಿಬಿಡುತ್ತದೆ. ನೀರಲ್ಲಿ ನೆಂದ ಗೋಣಿಚೀಲ ಮತ್ತೆ ನೀರು ಹೀರುತ್ತದೆಯೇ? ಇಲ್ಲ. ಹಾಗೆಯೇ ಕಾಂತ ತುಂಬಿದ ಕಬ್ಬಿಣಕ್ಕೆ ದನಿ ಹಿಡಿಯುವುದಿಲ್ಲ. ಮೊದಲು ತಬಲಾದಂಥ ದಪ್ಪ ಸದ್ದು ಹೋಗುತ್ತದೆ. ಜೋರು ಮಾಡಿದರೆ ದನಿ ಹರಿಯುತ್ತದೆ.

ಅದಕ್ಕೇ ಈ ಟ್ರಾನ್ಸ್‌ಫಾರ್ಮರಿನಲ್ಲಿ ಇ ತಗಡೆಲ್ಲ ಒಂದೇ ಕಡೆಯಿಂದ ಹಾಕುತ್ತಾರೆ. ಐ ತಗಡೆಲ್ಲ ಎದುರು ಕಡೆ. ನಡುವೆ ತೆಳುವಾದ ಕಾಗದ ಇಡುತ್ತಾರೆ. ಕಾಗದದಷ್ಟು ದಪ್ಪದ ಸಂದು ಉಳಿಯುತ್ತದೆ. ಈ ಸಂದು ಇದ್ದರೆ ಕಬ್ಬಿಣಕ್ಕೆ ಕಾಂತ ಬೇಗ ತುಂಬುವುದಿಲ್ಲ. ದನಿಗೆ ಜಾಗ ಉಳಿಯುತ್ತದೆ. ಸಂದು ಬಿಟ್ಟಷ್ಟೂ ಸುರುಳಿಯ ಶಕ್ತಿ ಕುಗ್ಗುತ್ತದೆ. ಹಾಗಾಗಿ ಕಬ್ಬಿಣವನ್ನೂ ಸುತ್ತನ್ನೂ ಜಾಸ್ತಿ ಹಾಕಬೇಕಾಗುತ್ತದೆ. ಒಳ್ಳೆಯ ರೇಡಿಯೋ ಯಾಕೆ ಭಾರ ಅಂದರೆ ಇದೂ ಒಂದು ಕಾರಣ.

ತಂತಿ ಸುತ್ತುವ ರೀತಿ

ಗೋಡೆಯ ಕರೆಂಟ್ ಒಂದು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಹಗಲೂ ರಾತ್ರಿ 50. ಅದಕ್ಕೆ ಪ್ರೈಮರಿ ಪೂರಾ ಸುತ್ತಿ, ಅದರ ಮೇಲೆ ಸೆಕೆಂಡರಿ ಸುತ್ತಿದರೆ ಸಾಕು. ದನಿ ಹಾಗಲ್ಲ. ತಬಲಾದ ದಪ್ಪ ಸದ್ದು ಸೆಕೆಂಡಿಗೆ ನೂರರ ಸುತ್ತಮುತ್ತ ಏರಿಳಿಯುತ್ತದೆ. 'ಸ' ಅಕ್ಷರದ ಸುಯ್ ಎನ್ನುವ ಸದ್ದು ಸಾವಿರ ಸಾವಿರ ಸಲ. ಎಲ್ಲವೂ ಒಂದೇ ಟ್ರಾನ್ಸ್‌ಫಾರ್ಮರ್ ದಾಟಬೇಕು.

ದಪ್ಪ ಸದ್ದಿಗೆ ಸುತ್ತು ಜಾಸ್ತಿ ಬೇಕು, ಕಬ್ಬಿಣ ಜಾಸ್ತಿ ಬೇಕು. ಆದರೆ ಸುತ್ತು ಜಾಸ್ತಿಯಾಗಿ ಎರಡು ಸುರುಳಿ ದೂರ ದೂರ ಆದರೆ ಸಣ್ಣ ಸದ್ದು ಸೋರಿಹೋಗುತ್ತದೆ. ಒಂದಕ್ಕೆ ಒಳ್ಳೆಯದು ಇನ್ನೊಂದಕ್ಕೆ ಕೆಟ್ಟದ್ದು. ಇದಕ್ಕೆ ಉಪಾಯ ಇದೆ. ಚಿರೋಟಿ ಪದರದ ಹಾಗೆ ಸುತ್ತುವುದು. ಮೊದಲು ಅರ್ಧ ಪ್ರೈಮರಿ. ಅದರ ಮೇಲೆ ಸೆಕೆಂಡರಿ. ಅದರ ಮೇಲೆ ಉಳಿದ ಅರ್ಧ ಪ್ರೈಮರಿ. ಆಗ ಎರಡು ಸುರುಳಿಗಳು ಮೈಗೆ ಮೈ ತಾಗಿದ ಹಾಗಿರುತ್ತವೆ. ಸೋರುವುದು ಕಡಿಮೆಯಾಗುತ್ತದೆ. ಪದರ ತುಂಬಾ ಹೆಚ್ಚು ಮಾಡಿದರೂ ತೊಂದರೆ ಇದೆ. ಸುತ್ತುವವರಿಗೆ ಹದ ಗೊತ್ತಿರಬೇಕು.

ಮತ್ತೆ ಸುತ್ತಿಸಿದ್ದು

ಅಜ್ಜಿ ಹಳೆಯ ಸುಟ್ಟ ಟ್ರಾನ್ಸ್‌ಫಾರ್ಮರನ್ನು ಎಸೆದಿರಲಿಲ್ಲ. ಅಂಗಡಿಯಿಂದ ಕೇಳಿ ತಂದು ಮಾಡದಲ್ಲಿ ಇಟ್ಟಿದ್ದರು. "ಕಬ್ಣ ಅಲ್ವಾ, ಇರ್ಲಿ ಅಂತ" ಅಂದರು. ಅದೇ ಒಳ್ಳೆಯದಾಯಿತು.

ನಮ್ಮ ಪಕ್ಕದ ಊರಲ್ಲಿ ಮೋಟಾರ್ ವೈಂಡಿಂಗ್ ಮಾಡುವ ಒಬ್ಬ ಅಣ್ಣ ಇದ್ದರು. ಪಂಪ್‌ಸೆಟ್ ಮೋಟಾರ್ ಸುತ್ತುವುದರಲ್ಲಿ ಕೈ ಪಳಗಿದವರು. ಅವರು ಹಳೆಯ ತಂತಿ ಬಿಚ್ಚಿ ಸುತ್ತು ಎಣಿಸಿದರು. ನಾವು ಬರೆದುಕೊಂಡೆವು. ಒಳಗೆ 1,350. ನಡುವೆ ದಪ್ಪ ತಂತಿ 75. ಮೇಲೆ 1,350. ಒಟ್ಟು ಪ್ರೈಮರಿ 2,700. ಅದನ್ನು 75ರಿಂದ ಭಾಗಿಸಿದರೆ 36. ನಮ್ಮ ಲೆಕ್ಕದ ಸಂಖ್ಯೆಯೇ ಬಂತು ನೋಡಿ!

ಪ್ರೈಮರಿ ತಂತಿ ಎರಡು ಕೂದಲು ಸೇರಿಸಿದಷ್ಟು ದಪ್ಪ. ಎಳೆದರೆ ತುಂಡಾಗುತ್ತದೆ. ಸೆಕೆಂಡರಿ ತಂತಿ ಹೊಲಿಗೆ ಸೂಜಿಯಷ್ಟು ದಪ್ಪ. ಒಂದೊಂದು ಸಾಲಿನ ಮೇಲೂ ಕಾಗದ ಸುತ್ತಬೇಕು. ಯಾಕೆಂದರೆ ಪ್ರೈಮರಿಯಲ್ಲಿ 250 ವೋಲ್ಟ್ ಇರುತ್ತದೆ. ಅದು ಸ್ಪೀಕರ್ ಕಡೆಗೆ ನುಗ್ಗಬಾರದು. ಅಣ್ಣ ಅರ್ಧ ದಿನ ಕೂತು ಸುತ್ತಿದರು. ಎರಡು ಸಲ ತಂತಿ ಹರಿಯಿತು. ಬೆಸುಗೆ ಹಾಕಿ ಮುಂದುವರಿಸಿದರು.

ಕೊನೆಗೆ ತಗಡು ತೂರಿಸುವಾಗ ಒಂದು ಎಡವಟ್ಟಾಯಿತು. ಅಣ್ಣನಿಗೆ ಸ್ಟೆಬಿಲೈಜರ್ ಕಟ್ಟುವ ಅಭ್ಯಾಸ. ಕೈ ತಾನಾಗಿ ಬಲ, ಎಡ, ಬಲ, ಎಡ ಅಂತ ತೂರಿಸಿಬಿಟ್ಟಿತು. ನಾವೂ ಮಾತಿನಲ್ಲಿ ಮರೆತಿದ್ದೆವು. ಹಚ್ಚಿದರೆ ದನಿ ಮೊದಲಿಗಿಂತ ಪರವಾಗಿಲ್ಲ, ಆದರೆ ತಬಲಾ ಇಲ್ಲ! ಆಗ ನೆನಪಾಯಿತು. ತಗಡೆಲ್ಲ ಕಿತ್ತು, ಇ ಒಂದು ಕಡೆ, ಐ ಒಂದು ಕಡೆ ಮಾಡಿ, ನಡುವೆ ಕಾಗದ ಇಟ್ಟು ಬಿಗಿದೆವು. ತಂತಿ ಅದೇ. ತಗಡು ಅದೇ. ಜೋಡಿಸಿದ ರೀತಿ ಮಾತ್ರ ಬೇರೆ. ಈ ಸಲ ತಬಲಾ ಬಂತು.

ಅಜ್ಜಿ ಕಣ್ಣು ಮುಚ್ಚಿ ಕೇಳಿದರು. "ಈಗ ನಮ್ಮನೇದು" ಅಂದರು.

ಬ್ಯಾಟರಿ ರೇಡಿಯೋದಲ್ಲಿ

ಹಳೆಯ ಟ್ರಾನ್ಸಿಸ್ಟರ್ ರೇಡಿಯೋಗಳಲ್ಲಿ ಅಡಿಕೆಯಷ್ಟು ಚಿಕ್ಕ ಟ್ರಾನ್ಸ್‌ಫಾರ್ಮರ್ ಎರಡು ಇರುತ್ತಿದ್ದವು. ಒಂದಕ್ಕೆ ಡ್ರೈವರ್ ಅಂತ ಹೆಸರು. ಇನ್ನೊಂದು ಔಟ್‌ಪುಟ್. ಇವೆರಡರ ನಡುವೆ ಎರಡು ಟ್ರಾನ್ಸಿಸ್ಟರ್. ಅವು ಮರ ಕೊಯ್ಯುವ ಗರಗಸಕ್ಕೆ ನಿಂತ ಇಬ್ಬರ ಹಾಗೆ. ಒಬ್ಬ ಎಳೆದಾಗ ಇನ್ನೊಬ್ಬ ಬಿಡುತ್ತಾನೆ. ಡ್ರೈವರ್ ಟ್ರಾನ್ಸ್‌ಫಾರ್ಮರ್ ಇಬ್ಬರಿಗೂ ಸರದಿ ಹಂಚುತ್ತದೆ. ಹಾಗಾಗಿ ಅದರ ಸೆಕೆಂಡರಿಗೆ ನಡುವೆ ಒಂದು ತಂತಿ ಹೊರಗೆ ತೆಗೆದಿರುತ್ತಾರೆ. ಎರಡು ಅರ್ಧವೂ ಸಮ ಇರಬೇಕು. ಅದಕ್ಕೆ ಒಳ್ಳೆಯದರಲ್ಲಿ ಎರಡು ತಂತಿ ಜೊತೆಗೆ ಹಿಡಿದು ಸುತ್ತುತ್ತಾರೆ.

ಔಟ್‌ಪುಟ್‌ನಲ್ಲಿ ಇದು ತಿರುಗುಮುರುಗು. ಪ್ರೈಮರಿಯಲ್ಲಿ ನಡುವಿನ ತಂತಿ ಇರುತ್ತದೆ. ಇಬ್ಬರೂ ಎದುರುಬದುರು ಎಳೆಯುವುದರಿಂದ ಒಬ್ಬನ ಕಾಂತವನ್ನು ಇನ್ನೊಬ್ಬನ ಕಾಂತ ಅಳಿಸುತ್ತದೆ. ಕಬ್ಬಿಣ ತುಂಬುವುದಿಲ್ಲ. ಹಾಗಾಗಿ ಇಲ್ಲಿ ಕಾಗದದ ಸಂದು ಬೇಡ. ಚಾಪೆ ಹೆಣೆದ ಹಾಗೆ ತಗಡು ಹಾಕಬಹುದು.

ಎರಡೂ ಅಕ್ಕಪಕ್ಕ ಇಟ್ಟರೆ ಅವಳಿ ಮಕ್ಕಳ ಹಾಗೆ. ಗುರುತು ಹಿಡಿಯುವುದು ಹೇಗೆ? ಸ್ಪೀಕರಿಗೆ ಹೋಗುವ ಎರಡು ತಂತಿ ಯಾವುದರಿಂದ ಬಂದಿವೆ ನೋಡಿ. ಅದೇ ಔಟ್‌ಪುಟ್. ಅದರ ಆ ಕಡೆಯ ತಂತಿ ದಪ್ಪ, ಸುತ್ತು ಕಡಿಮೆ. ಅದಲು ಬದಲು ಮಾಡಿದರೆ ದನಿ ಪಿಸುಮಾತಾಗುತ್ತದೆ. ಈಗಿನ ರೇಡಿಯೋಗಳಲ್ಲಿ ಇವೆರಡೂ ಇರುವುದಿಲ್ಲ. ಅವುಗಳ ಕೆಲಸವನ್ನು ಚಿಕ್ಕ ಐ.ಸಿ. ಮಾಡುತ್ತದೆ.

ಮೈಕಿನಲ್ಲಿ, ರೇಡಿಯೋ ಕೇಂದ್ರದಲ್ಲಿ

ಇಲ್ಲಿಯ ತನಕ ನಮ್ಮ ಮನೆಯ ರೇಡಿಯೋ ನೋಡಿದೆವು. ದನಿ ಹೊರಡುವ ಕಡೆಯೂ ಟ್ರಾನ್ಸ್‌ಫಾರ್ಮರ್ ಇರುತ್ತದೆ.

ಮೈಕ್ ಮುಂದೆ ಮಾತಾಡಿದರೆ ಹುಟ್ಟುವುದು ಬಹಳ ಸಣ್ಣ ವೋಲ್ಟ್. ಒಂದು ವೋಲ್ಟನ್ನು ಸಾವಿರ ಪಾಲು ಮಾಡಿ. ಅದರಲ್ಲಿ ಒಂದೆರಡು ಪಾಲು, ಅಷ್ಟೆ. ಇದನ್ನು ಏರಿಸುವ ಟ್ರಾನ್ಸ್‌ಫಾರ್ಮರಿಗೆ ಸಾಧಾರಣ ಕಬ್ಬಿಣ ಸಾಲದು. ನಿಕ್ಕಲ್ ಬೆರೆಸಿದ ಕಬ್ಬಿಣದ ತಗಡು ಹಾಕುತ್ತಾರೆ. ಅದು ಸಣ್ಣ ಕಾಂತಕ್ಕೂ ಓಗೊಡುತ್ತದೆ. ಹೊರಗೆ ಅಂಥದೇ ಲೋಹದ ಡಬ್ಬಿ ಮುಚ್ಚುತ್ತಾರೆ. ಇಲ್ಲದಿದ್ದರೆ ಪಕ್ಕದ ಕರೆಂಟ್ ತಂತಿಯ ಗುಂಯ್ ಸದ್ದು ಒಳಗೆ ಸೇರುತ್ತದೆ. ಇದು ಬಹಳ ನಾಜೂಕು. ಮೀಟರಿನಿಂದ ಓಮ್ ನೋಡಲು ಹೋದರೂ ಮೀಟರಿನ ಬ್ಯಾಟರಿಯಿಂದ ತಗಡಿಗೆ ಕಾಂತ ಅಂಟಿಕೊಳ್ಳಬಹುದು. ಆಮೇಲೆ ದನಿ ಕೆಡುತ್ತದೆ.

ಕೇಂದ್ರದ ಕಡೆ ಎಲ್ಲ ದೊಡ್ಡದು. ನಮ್ಮ ಮೈಸೂರಿನಲ್ಲಿ 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ರೇಡಿಯೋ ಕೇಂದ್ರ ಶುರುಮಾಡಿದರು. ಅವರು ಮಹಾರಾಜ ಕಾಲೇಜಿನ ಮೇಷ್ಟ್ರು. ಅವರ ಯಂತ್ರ 30 ವಾಟಿನದು. ಒಂದು ಬಲ್ಬಿನಷ್ಟು! ಆಮೇಲೆ ದೇಶದಲ್ಲಿ ಸಾವಿರಾರು ವಾಟಿನ ಕೇಂದ್ರಗಳು ಬಂದವು. ಹಳೆಯ ಮಾದರಿಯ ದೊಡ್ಡ ಯಂತ್ರದಲ್ಲಿ ದನಿಯನ್ನು ಅಲೆಯ ಮೇಲೆ ಕೂರಿಸಲು ಮಾಡ್ಯುಲೇಶನ್ ಟ್ರಾನ್ಸ್‌ಫಾರ್ಮರ್ ಇರುತ್ತಿತ್ತು. ಅಲೆಗೆ 1,000 ವಾಟ್ ಇದ್ದರೆ ದನಿಗೇ ಸುಮಾರು 500 ವಾಟ್ ಬೇಕು. ದನಿ ಜೋರಾದಾಗ ವೋಲ್ಟ್ ಎರಡು ಪಟ್ಟು ಏರುತ್ತದೆ. ಹಾಗಾಗಿ ಸುರುಳಿಗಳ ನಡುವೆ ಗಟ್ಟಿ ಕಾಗದ. ದೊಡ್ಡವನ್ನು ನಮ್ಮ ಊರ ಟಿ.ಸಿ.ಯ ಹಾಗೆ ಎಣ್ಣೆಯಲ್ಲಿ ಮುಳುಗಿಸಿ ಇಡುತ್ತಿದ್ದರು. ಟಿ.ಸಿ.ಯಷ್ಟೇ ದಪ್ಪ, ಆದರೆ ಹಾಡು ಹೊರುವ ಟಿ.ಸಿ.!

ಬಿಚ್ಚಬೇಡಿ ಅಂದದ್ದು ಯಾಕೆ

ವಾಲ್ವ್ ರೇಡಿಯೋದಲ್ಲಿ 250 ವೋಲ್ಟಿನಷ್ಟು ಕರೆಂಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರ್ ಒಳಗೆ ಅದು ಉಳಿದಿರಬಹುದು. ಮುಟ್ಟಿದರೆ ಜೀವಕ್ಕೆ ಅಪಾಯ. ಕೆಲಸ ಗೊತ್ತಿರುವವರು ಅದನ್ನು ಮೊದಲು ಇಳಿಸಿ, ಮೀಟರ್ ಇಟ್ಟು ನೋಡಿ, ಆಮೇಲೆ ಕೈ ಹಾಕುತ್ತಾರೆ.

ಇನ್ನೊಂದು ವಿಷಯ. ಸ್ಪೀಕರ್ ಕಿತ್ತು ವಾಲ್ವ್ ರೇಡಿಯೋ ಹಚ್ಚಬಾರದು. ಹಾರೆಯ ತುದಿಯಲ್ಲಿ ಕಲ್ಲು ಇಲ್ಲದೆ ಜೋರಾಗಿ ಒತ್ತಿದ ಹಾಗಾಗುತ್ತದೆ. ಪ್ರೈಮರಿಯಲ್ಲಿ ವೋಲ್ಟ್ ವಿಪರೀತ ಏರಿ ಒಳಗೇ ಕಿಡಿ ಹಾರುತ್ತದೆ. ಅಜ್ಜಿಯ ಮನೆಯಲ್ಲಿ ಮೊದಲ ಸಲ ಸುಟ್ಟದ್ದು ಹೀಗೇ ಇರಬೇಕು. ಮೊಮ್ಮಗ ಸ್ಪೀಕರ್ ಬಿಚ್ಚಿ ಆಟ ಆಡಿದ್ದನಂತೆ.

ರಿಪೇರಿಗೆ ಕೊಟ್ಟಾಗ ಹಳೆಯ ಟ್ರಾನ್ಸ್‌ಫಾರ್ಮರ್ ಕೇಳಿ ಇಸಕೊಳ್ಳಿ. ಹೊಸದರ ಮೇಲಿನ ಚೀಟಿ ಓದಿ. ಸ್ಪೀಕರ್ ಕಡೆಯ ಟ್ರಾನ್ಸ್‌ಫಾರ್ಮರಿನ ಮೇಲೆ 230 ಅಂತ ಇದ್ದರೆ, "ಅಣ್ಣ, ಇದು ಗೋಡೆ ಕರೆಂಟಿಂದಲ್ವಾ?" ಅಂತ ಕೇಳಿ.

ಲೆಕ್ಕ ಮಾಡಿ, ಉತ್ತರ ಬರೆಯಿರಿ

ಸ್ಪೀಕರ್ 8 ಓಮ್. ಸೆಕೆಂಡರಿಗೆ 1 ಸುತ್ತು, ಪ್ರೈಮರಿಗೆ 25 ಸುತ್ತು. ವಾಲ್ವಿಗೆ ಕಾಣುವ ತಡೆ ಎಷ್ಟು?

ಸೆಕೆಂಡರಿಗೆ 80 ಸುತ್ತು ಇದೆ. ಪ್ರೈಮರಿಗೆ ಎಷ್ಟು ಸುತ್ತಿದರೆ ಆ 25ರ ಲೆಕ್ಕ ಬರುತ್ತದೆ? ಅದನ್ನು ಎರಡು ಅರ್ಧ ಮಾಡಿದರೆ ಒಳಗೆ ಎಷ್ಟು, ಮೇಲೆ ಎಷ್ಟು?

ನಿಮ್ಮ ಮನೆಯಲ್ಲಿ ಇಲ್ಲವೇ ಪಕ್ಕದ ಮನೆಯಲ್ಲಿ ಹಳೆಯ ರೇಡಿಯೋ ಇದೆಯೇ? ಅದರ ಹಿಂದಿನ ಹಲಗೆಯ ಹೊರಗಡೆ ಬರೆದಿರುವ ಅಂಕಿಗಳನ್ನು ಬರೆದುಕೊಂಡು ನಾಳೆ ತರಗತಿಗೆ ತನ್ನಿ.